ಲೋಹದ ಆಕ್ಸೈಡಿನ ನ್ಯಾನೊತಂತುಗಳು: ಬೆಳೆಸುವ ಬಗೆ, ಅರಿಯುವ ಬಗೆ

ಅಡಿಗೆಯ ಅನಿಲಕ್ಕೆ ಸ್ವಂತ ವಾಸನೆಯೆಂಬುದಿಲ್ಲ. ಸಿಲಿಂಡರಿನಿಂದ ಅನಿಲ ಸೋರಿದಾಗ ನಮ್ಮ ಮೂಗಿಗೆ ತಟ್ಟುವ ಕಟುವಾಸನೆಯು, ಎಚ್ಚರಿಕೆಗೆಂದೇ ಅದರಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದ ಮರ್ಕ್ಯಾಪ್ಟನ್ ಎಂಬ ಗಂಧಕಯುಕ್ತ ರಾಸಾಯನಿಕದ್ದು. ಆದರೆ ಮನೆಯವರೆಲ್ಲರೂ ನಿದ್ರಿಸುತ್ತಿರುವಾಗ, ಇಲ್ಲವೆ ನೆಗಡಿಯಿಂದ ಮೂಗು ಕಟ್ಟಿರುವಾಗ, ಈ ಎಚ್ಚರಿಕೆ ನಿಷ್ಫಲವಾಗುತ್ತದೆ. ಗಾಳಿಗಿಂತ ಭಾರವಾದ ಈ ಅನಿಲವು ನೆಲಮಟ್ಟದಲ್ಲಿಯೇ ಹರಡಿಕೊಳ್ಳುತ್ತದೆ. ಒಂದು ಕಿಡಿ ಸಾಕು, ಅನಾಹುತ ಸಂಭವಿಸುತ್ತದೆ. ಆದುದರಿಂದ ಎಂದೂ ನಿದ್ರಿಸದ ಕೃತಕ ಮೂಗೊಂದು ಮನೆಯಲ್ಲಿ, ಕಾರ್ಖಾನೆಯಲ್ಲಿ, ಗಣಿಯಲ್ಲಿ ಇರುವುದು ಅತ್ಯಾವಶ್ಯಕ.

ಅಂತಹ ಮೂಗನ್ನು ಲೋಹದ ಆಕ್ಸೈಡಿನಿಂದ ರಚಿಸಬಹುದೆಂಬುದನ್ನು ಜಪಾನಿನ ನಾಓಯೋಶಿ ತಗುಚಿಯವರು 1962ರಲ್ಲಿ ತೋರಿಸಿಕೊಟ್ಟರು. ಅವರು ಬಳಸಿದ್ದು ತವರದ ಆಕ್ಸೈಡು. ಇದರ ತತ್ವ ಸರಳವಾದುದು. ಬಿಸಿಯಾದ ಆಕ್ಸೈಡಿನ ಮೇಲ್ಮೈಗೆ ಗಾಳಿಯ ಆಮ್ಲಜನಕವು ಅಂಟಿಕೊಂಡು, ಅದರೊಳಗಿನ ಇಲೆಕ್ಟ್ರಾನುಗಳನ್ನು ಸೆಳೆದಿಟ್ಟುಕೊಳ್ಳುತ್ತದೆ. ಆಗ ವಿದ್ಯುತ್ತು ಹರಿಯುವುದು ಕಷ್ಟವಾಗುತ್ತದೆ. ಉರಿಯುವ ಅನಿಲವು ಅಲ್ಲಿಗೆ ಬಂದಾಗ ಆ ಆಮ್ಲಜನಕದೊಡನೆ ಸಂಯೋಗ ಹೊಂದಿ ಅದನ್ನು ತೆಗೆದುಬಿಡುತ್ತದೆ. ಇಲೆಕ್ಟ್ರಾನುಗಳು ಬಿಡುಗಡೆಗೊಂಡು ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಈ ವ್ಯತ್ಯಾಸವನ್ನು ಅಳೆದು ಗಂಟೆ ಬಾರಿಸುವಂತೆ ಮಾಡಿದರೆ ಕೃತಕ ಮೂಗು ಸಿದ್ಧವಾದಂತೆ.

ಆದರೆ ಪುಡಿಯಿಂದ ಮಾಡಿದ ಪದರದಲ್ಲಿ ಒಂದು ದೋಷವಿದೆ. ಅದು ಲಕ್ಷಾಂತರ ಕಣಗಳು ಒತ್ತೊತ್ತಾಗಿ ಸೇರಿದ ರಾಶಿ. ವಿದ್ಯುತ್ತು ಕಣದಿಂದ ಕಣಕ್ಕೆ ಗಡಿಗಳನ್ನು ದಾಟುತ್ತ ಸಾಗಬೇಕು. ದೀರ್ಘಕಾಲ ಬಿಸಿಯಲ್ಲಿರುವಾಗ ಸಣ್ಣ ಕಣಗಳು ಒಂದರೊಡನೊಂದು ಬೆಸೆದು ದೊಡ್ಡವಾಗಬಹುದು, ಗಡಿಗಳು ಬದಲಾಗಬಹುದು, ಮೂಗಿನ ಸೂಕ್ಷ್ಮತೆಯು ಕುಂದಬಹುದು. ಆಕ್ಸೈಡನ್ನು ಗಡಿಗಳೇ ಇಲ್ಲದ, ಆದಿಯಿಂದ ಅಂತ್ಯದವರೆಗೆ ಒಂದೇ ಸ್ಫಟಿಕವಾದ, ಅತಿ ತೆಳುವಾದ ತಂತುವನ್ನಾಗಿ ಬೆಳೆಸಿದರೆ ಹೇಗೆ? ಈ ಪ್ರಶ್ನೆಗೆ ದೊರೆತ ಉತ್ತರವೇ ನ್ಯಾನೊತಂತು. ಅಂತಹ ತಂತುವನ್ನು ಬೆಳೆಸುವುದು ಹೇಗೆ, ಬೆಳೆದದ್ದು ನಿಜವಾಗಿಯೂ ನಾವು ಬಯಸಿದ ವಸ್ತುವೇ ಎಂದು ಅರಿಯುವುದು ಹೇಗೆ ಎಂಬುದನ್ನು, ಈ ವರ್ಗದ ವಸ್ತುಗಳಲ್ಲಿ ಬಹಳ ಅಧ್ಯಯನಕ್ಕೆ ಒಳಗಾಗಿರುವ ಸತುವಿನ ಆಕ್ಸೈಡಿನ ನಿದರ್ಶನದ ಮೂಲಕ ಇಲ್ಲಿ ವಿವರಿಸಲಾಗಿದೆ.

ಎಷ್ಟು ಸಣ್ಣದು?

ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗವೇ ಒಂದು ನ್ಯಾನೊಮೀಟರು. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರು. 50 ನ್ಯಾನೊಮೀಟರು ದಪ್ಪದ ತಂತುಗಳನ್ನು ಒಂದರ ಪಕ್ಕ ಒಂದರಂತೆ ಜೋಡಿಸಿದರೆ, ಒಂದು ಕೂದಲೆಳೆಯ ಅಗಲವನ್ನು ತುಂಬಲು ಸುಮಾರು 1,600 ತಂತುಗಳು ಬೇಕಾಗುತ್ತವೆ. ಇಷ್ಟು ತೆಳುವಾದ ತಂತುವಿನಲ್ಲಿ ಮೇಲ್ಮೈಗೂ ಒಳಭಾಗಕ್ಕೂ ದೂರವೇ ಇರುವುದಿಲ್ಲ. ಮೇಲ್ಮೈಯಲ್ಲಿ ನಡೆದ ಸಣ್ಣ ಬದಲಾವಣೆಯೂ ಇಡೀ ತಂತುವಿನಲ್ಲಿ ವಿದ್ಯುತ್ತಿನ ಹರಿವನ್ನು ಪ್ರಭಾವಿಸುತ್ತದೆ. ಕೃತಕ ಮೂಗಿಗೆ ಬೇಕಾದುದೂ ಇದೇ.

ಸತುವಿನ ಹಳೆಯ ಕಥೆ

ಸತುವಿನ ಆಕ್ಸೈಡು ನಮಗೆ ಹೊಸ ವಸ್ತುವೇನಲ್ಲ. ಆಯುರ್ವೇದದ ಯಶದ ಭಸ್ಮವು ಮುಖ್ಯವಾಗಿ ಇದೇ ಆಗಿದೆ. ಚರ್ಮಕ್ಕೆ ಲೇಪಿಸುವ ಬಿಳಿಯ ಮುಲಾಮುಗಳಲ್ಲಿ, ಬಣ್ಣಗಳಲ್ಲಿ, ರಬ್ಬರಿನ ತಯಾರಿಕೆಯಲ್ಲಿ ಇದು ಬಳಕೆಯಲ್ಲಿದೆ.

ಸತುವನ್ನು ಅದರ ಅದಿರಿನಿಂದ ಬೇರ್ಪಡಿಸುವುದು ಪ್ರಾಚೀನರಿಗೆ ಕಠಿಣ ಸಮಸ್ಯೆಯಾಗಿತ್ತು. ಹುರಿದ ಅದಿರನ್ನು ಇದ್ದಿಲಿನೊಡನೆ ಕಾಯಿಸಿದಾಗ, ಇಂಗಾಲವು ಆಕ್ಸೈಡಿನಲ್ಲಿರುವ ಆಮ್ಲಜನಕವನ್ನು ಸೆಳೆದುಕೊಂಡು ಸತುವನ್ನು ಬಿಡುಗಡೆ ಮಾಡುತ್ತದೆ. ಆದರೆ ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುವುದರಿಂದ ಅದು ಆವಿಯಾಗಿ ಹೊರಬರುತ್ತದೆ. ಗಾಳಿ ಸೋಕಿದ ಕ್ಷಣವೇ ಉರಿದು ಪುನಃ ಬಿಳಿಯ ಆಕ್ಸೈಡಾಗಿ ಹಾರಿಹೋಗುತ್ತದೆ. ರಾಜಸ್ಥಾನದ ಉದಯಪುರದ ಸಮೀಪದ ಜಾವರ್‌ನಲ್ಲಿ ಮಧ್ಯಯುಗದ ಕುಶಲಕರ್ಮಿಗಳು ಇದಕ್ಕೆ ಅದ್ಭುತವಾದ ಪರಿಹಾರ ಕಂಡುಕೊಂಡಿದ್ದರು. ಮಣ್ಣಿನ ಮೂಸೆಗಳನ್ನು ತಲೆಕೆಳಗಾಗಿ ಕುಲುಮೆಯಲ್ಲಿ ನಿಲ್ಲಿಸಿ, ಆವಿಯು ಗಾಳಿ ಸೋಕದೆ ಕೆಳಗಿನ ತಂಪಾದ ಪಾತ್ರೆಗೆ ಇಳಿದು ಲೋಹವಾಗಿ ಸಂಗ್ರಹವಾಗುವಂತೆ ಅವರು ಮಾಡುತ್ತಿದ್ದರು. ಅವರ ಮೂಸೆಗಳ ರಾಶಿಗಳು ಇಂದಿಗೂ ಅಲ್ಲಿವೆ.

ನ್ಯಾನೊತಂತುವನ್ನು ಬೆಳೆಸುವ ಕುಲುಮೆಯಲ್ಲಿ ನಡೆಯುವುದೂ ಇದೇ ರಾಸಾಯನಿಕ ಕ್ರಿಯೆ. ವ್ಯತ್ಯಾಸವಿಷ್ಟೆ: ಜಾವರ್‌ನವರು ಆಮ್ಲಜನಕವನ್ನು ಸಂಪೂರ್ಣವಾಗಿ ಹೊರಗಿಟ್ಟರು, ಇಂದಿನ ವಿಜ್ಞಾನಿಗಳು ಅದನ್ನು ಅಳತೆಯಿಟ್ಟು ಒಳಬಿಡುತ್ತಾರೆ. ಅಳತೆ ತಪ್ಪಿ ಹೆಚ್ಚಾದರೆ ಬಿಳಿಯ ಪುಡಿ ಅಥವಾ ಹಿಂಜಿದ ಅರಳೆಯಂತಹ ರಾಶಿ ದೊರೆಯುತ್ತದೆ. ಕಡಿಮೆಯಾದರೆ ಬೂದುಬಣ್ಣದ ಲೋಹದ ಲೇಪ ಮಾತ್ರ ಉಳಿಯುತ್ತದೆ. ಇವೆರಡರ ನಡುವಿನ ಕಿರಿದಾದ ಅವಕಾಶದಲ್ಲಿ ತಂತು ಬೆಳೆಯಬೇಕು.

ತಂತುವನ್ನು ಬೆಳೆಸುವ ಬಗೆ

ಹೆಚ್ಚು ಪ್ರಚಲಿತವಾದ ವಿಧಾನ ಹೀಗಿದೆ. ಸತುವಿನ ಆಕ್ಸೈಡಿನ ಪುಡಿ ಮತ್ತು ಗ್ರಾಫೈಟ್ ಪುಡಿಯನ್ನು ಬೆರೆಸಿ, ಕೊಳವೆಯಾಕಾರದ ಕುಲುಮೆಯ ನಡುವೆ ಪುಟ್ಟ ದೋಣಿಯಂತಹ ಪಾತ್ರೆಯಲ್ಲಿ ಇಡುತ್ತಾರೆ. ಅಲ್ಲಿನ ತಾಪ ಸುಮಾರು 900 ಡಿಗ್ರಿ. ಹುಟ್ಟಿದ ಸತುವಿನ ಆವಿಯನ್ನು ಆರ್ಗಾನ್ ಅನಿಲದ ಮಂದಪ್ರವಾಹವು ಕೊಳವೆಯ ಇನ್ನೊಂದು ಭಾಗಕ್ಕೆ ಒಯ್ಯುತ್ತದೆ. ಅಲ್ಲಿ ನೀಲಮಣಿಯ ಅಥವಾ ಸಿಲಿಕಾನಿನ ನುಣುಪಾದ ಬಿಲ್ಲೆಯೊಂದು ಕಾದಿರುತ್ತದೆ. ಅದರ ಮೇಲೆ ಕೆಲವೇ ನ್ಯಾನೊಮೀಟರು ದಪ್ಪದ ಚಿನ್ನದ ಲೇಪವಿರುತ್ತದೆ.

ಈ ಚಿನ್ನದ ಕಾರ್ಯವೇನು? ಬಿಸಿಯಾದಾಗ ಅದರ ತೆಳುಲೇಪವು, ಕಮಲದ ಎಲೆಯ ಮೇಲಿನ ನೀರಿನಂತೆ, ಒಡೆದು ಹನಿಹನಿಯಾಗುತ್ತದೆ. ಶುದ್ಧ ಚಿನ್ನ ಕರಗಲು 1,064 ಡಿಗ್ರಿ ಬೇಕಾದರೂ ಸತು ಸೇರಿದ ಚಿನ್ನವು ಅದಕ್ಕಿಂತ ಕಡಿಮೆ ತಾಪದಲ್ಲಿ ದ್ರವವಾಗುತ್ತದೆ. ಹನಿಯು ಸತುವಿನ ಆವಿಯನ್ನು ಹೀರುತ್ತಾ ಹೋಗಿ, ಇನ್ನು ಹಿಡಿಸಲಾರದೆಂಬ ಸ್ಥಿತಿ ತಲುಪುತ್ತದೆ. ಆಗ ಆಮ್ಲಜನಕದೊಡನೆ ಕೂಡಿದ ಸತುವು ಆಕ್ಸೈಡಿನ ರೂಪದಲ್ಲಿ ಹನಿಯ ಬುಡದಲ್ಲಿ ಪದರಪದರವಾಗಿ ಹೊರಬೀಳುತ್ತದೆ. ಕೆಳಗೆ ಪದರಗಳು ಸೇರಿದಂತೆಲ್ಲ ಹನಿಯು ತಂತುವಿನ ತಲೆಯ ಮೇಲೆ ಕುಳಿತು ಮೇಲೇರುತ್ತದೆ. ಹನಿ ಎಷ್ಟು ದಪ್ಪವೋ ತಂತುವೂ ಬಹುಮಟ್ಟಿಗೆ ಅಷ್ಟೇ ದಪ್ಪ.

ಆವಿ, ದ್ರವ, ಘನ ಎಂಬ ಮೂರು ಸ್ಥಿತಿಗಳ ಮೂಲಕ ನಡೆಯುವ ಈ ಬೆಳವಣಿಗೆಯನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವ್ಯಾಗ್ನರ್ ಮತ್ತು ಎಲ್ಲಿಸ್ ಎಂಬುವರು ಸಿಲಿಕಾನಿನ ಸೂಜಿಗಳಲ್ಲಿ ಮೊದಲು ವಿವರಿಸಿದರು. 2001ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್‌ಲಿಯಲ್ಲಿ ಪೈಡಾಂಗ್ ಯಾಂಗ್ ಅವರ ತಂಡವು ನೀಲಮಣಿಯ ಮೇಲೆ ಸತುವಿನ ಆಕ್ಸೈಡಿನ ತಂತುಗಳನ್ನು ಬತ್ತದ ಸಸಿಗಳಂತೆ ನೆಟ್ಟಗೆ ಬೆಳೆಸಿ, ಅವುಗಳಿಂದ ಅತಿನೇರಳೆ ಲೇಸರ್ ಬೆಳಕನ್ನು ಹೊರಡಿಸಿತು. ಅದೇ ವರ್ಷ ಜಾರ್ಜಿಯದಲ್ಲಿ ಝಾಂಗ್ ಲಿನ್ ವಾಂಗ್ ಅವರ ತಂಡವು ಯಾವ ಲೋಹದ ಹನಿಯ ನೆರವೂ ಇಲ್ಲದೆ, ಸತು, ತವರ ಮುಂತಾದ ಲೋಹಗಳ ಆಕ್ಸೈಡುಗಳನ್ನು ಆವಿಯಾಗಿಸಿ ಚಪ್ಪಟೆಯಾದ ಪಟ್ಟಿಗಳನ್ನು ಪಡೆಯಿತು.

ಕುಲುಮೆಯ ಅಗತ್ಯವಿಲ್ಲದ ವಿಧಾನವೂ ಉಂಟು. ಸತುವಿನ ನೈಟ್ರೇಟ್ ಮತ್ತು ಹೆಕ್ಸಮಿನ್ ಎಂಬ ಸಂಯುಕ್ತವನ್ನು ನೀರಿನಲ್ಲಿ ಕರಗಿಸಿ, ಬೀಜಕಣಗಳನ್ನು ಲೇಪಿಸಿದ ಗಾಜಿನ ಫಲಕವನ್ನು ಅದರಲ್ಲಿ ಮುಳುಗಿಸಿ, ಸುಮಾರು 90 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟರೆ ತಂತುಗಳು ಬೆಳೆಯುತ್ತವೆ. ದಾರಕ್ಕೆ ಕಲ್ಲುಸಕ್ಕರೆ ಕಟ್ಟುವಂತಹ ಕ್ರಮವಿದು. ಖರ್ಚು ಕಡಿಮೆ, ಹೆಚ್ಚಿನ ಬಿಸಿಯನ್ನು ತಾಳದ ಪ್ಲಾಸ್ಟಿಕ್ಕಿನ ಮೇಲೂ ಬೆಳೆಸಬಹುದು. ಆದರೆ ಇಂತಹ ತಂತುಗಳ ಸ್ಫಟಿಕದಲ್ಲಿ ದೋಷಗಳು ಸಾಮಾನ್ಯವಾಗಿ ಹೆಚ್ಚು.

ತಂತುವೇ ಏಕೆ?

ಚಿನ್ನದ ಹನಿಯಿಲ್ಲದ ನೀರಿನಲ್ಲಿಯೂ ಇದು ಉಂಡೆಯಾಗದೆ ಉದ್ದವಾಗಿಯೇ ಬೆಳೆಯುತ್ತದೆ. ಇದರ ಕಾರಣವನ್ನು ಹೊರಗೆ ಹುಡುಕಿ ಪ್ರಯೋಜನವಿಲ್ಲ. ಅದು ಸ್ಫಟಿಕದ ಒಳರಚನೆಯಲ್ಲಿದೆ.

ಅಂಗಳದ ಚುಕ್ಕಿ ರಂಗವಲ್ಲಿಯಲ್ಲಿ ಚುಕ್ಕಿಗಳು ಸಮಾನ ಅಂತರದಲ್ಲಿ ಸಾಲುಗಟ್ಟಿರುವುದನ್ನು ನಾವು ಬಲ್ಲೆವು. ಅಂತಹ ರಂಗವಲ್ಲಿಗಳನ್ನು ಒಂದರ ಮೇಲೊಂದು ಅಡುಕಿದಂತೆ ಸ್ಫಟಿಕದಲ್ಲಿ ಪರಮಾಣುಗಳು ಅಣಿಗೊಂಡಿರುತ್ತವೆ. ಸತುವಿನ ಆಕ್ಸೈಡಿನಲ್ಲಿ ಪ್ರತಿಯೊಂದು ಸತುವಿನ ಸುತ್ತಲೂ ನಾಲ್ಕು ಆಮ್ಲಜನಕಗಳು, ಪ್ರತಿಯೊಂದು ಆಮ್ಲಜನಕದ ಸುತ್ತಲೂ ನಾಲ್ಕು ಸತುಗಳು ಇರುತ್ತವೆ. ಒಟ್ಟು ರಚನೆ ಷಟ್ಕೋನಾಕಾರದ್ದು. ಇದಕ್ಕೆ ವುರ್ಟ್‌ಜೈಟ್ ರಚನೆಯೆಂದು ಹೆಸರು. ಷಟ್ಕೋನದ ಬದಿಯಲ್ಲಿ ಈ ರಚನೆ 0.325 ನ್ಯಾನೊಮೀಟರಿಗೊಮ್ಮೆ, ಎತ್ತರದ ದಿಕ್ಕಿನಲ್ಲಿ ಸುಮಾರು 0.52 ನ್ಯಾನೊಮೀಟರಿಗೊಮ್ಮೆ ಪುನರಾವರ್ತನೆಯಾಗುತ್ತದೆ.

ಎತ್ತರದ ದಿಕ್ಕಿನಲ್ಲಿ ಒಂದು ಪದರ ಸತು, ಮುಂದಿನ ಪದರ ಆಮ್ಲಜನಕ, ಹೀಗೆ ಸರದಿಯಂತೆ ಬರುತ್ತವೆ. ಆದುದರಿಂದ ಸ್ಫಟಿಕದ ಒಂದು ತುದಿಯಲ್ಲಿ ಸತುವಿನ ಪದರವಿದ್ದರೆ ಇನ್ನೊಂದು ತುದಿಯಲ್ಲಿ ಆಮ್ಲಜನಕದ ಪದರವಿರುತ್ತದೆ. ಒಂದು ಧನ, ಮತ್ತೊಂದು ಋಣ. ವಿದ್ಯುದಂಶವುಳ್ಳ ಇಂತಹ ಮುಖಗಳು ಹೆಚ್ಚು ಶಕ್ತಿಯುತವಾಗಿದ್ದು ಅಸ್ಥಿರವಾಗಿರುತ್ತವೆ. ಹೊಸ ಪರಮಾಣುಗಳನ್ನು ಬೇಗ ಸೇರಿಸಿಕೊಳ್ಳುತ್ತವೆ. ಪಕ್ಕದ ಮುಖಗಳಲ್ಲಿ ಸತುವೂ ಆಮ್ಲಜನಕವೂ ಸಮಸಮವಾಗಿರುವುದರಿಂದ ಅವು ಶಾಂತವಾಗಿ ಉಳಿಯುತ್ತವೆ. ತುದಿ ತ್ವರಿತವಾಗಿ ಬೆಳೆದು ಪಕ್ಕಗಳು ಮೆಲ್ಲಗೆ ಬೆಳೆದರೆ ಆಗುವ ಆಕಾರವೇ ತಂತು. ಅದರ ಅಡ್ಡಕೊಯ್ತವು ಷಟ್ಕೋನವಾಗಿರುವುದಕ್ಕೂ ಈ ಒಳರಚನೆಯೇ ಕಾರಣ.

ಕ್ಷ-ಕಿರಣದ ಸಾಕ್ಷ್ಯ

ಕಣ್ಣಿಗೆ ಕಾಣದ ಈ ರಚನೆಯನ್ನು ತಿಳಿದುದು ಹೇಗೆ? ರಾತ್ರಿ ದೂರದ ಬೀದಿದೀಪವನ್ನು ಕೊಡೆಯ ಬಟ್ಟೆಯ ಮೂಲಕ ನೋಡಿದರೆ, ಒಂದು ದೀಪದ ಸುತ್ತ ಅನೇಕ ಬೆಳಕಿನ ಚುಕ್ಕೆಗಳು ಚೌಕವಾಗಿ ಹರಡಿರುವುದು ಕಾಣುತ್ತದೆ. ಬಟ್ಟೆಯ ಎಳೆಗಳು ಸಮಾನ ಅಂತರದಲ್ಲಿರುವುದರಿಂದ ಉಂಟಾಗುವ ಈ ಪರಿಣಾಮಕ್ಕೆ ವಿವರ್ತನೆಯೆಂದು ಹೆಸರು. ಪರಮಾಣುಗಳ ಸಾಲು ಇದಕ್ಕಿಂತ ಎಷ್ಟೋ ಸೂಕ್ಷ್ಮವಾದುದರಿಂದ, ಅದಕ್ಕೆ ತಕ್ಕಂತೆ ತರಂಗಾಂತರ ಅತಿ ಕಿರಿದಾದ ಕ್ಷ-ಕಿರಣವೇ ಬೇಕು. ಸ್ಫಟಿಕಗಳು ಕ್ಷ-ಕಿರಣವನ್ನು ಹೀಗೆ ವಿವರ್ತಿಸುತ್ತವೆಂದು ಜರ್ಮನಿಯ ಮಾಕ್ಸ್ ಫಾನ್ ಲಾವೆಯವರು 1912ರಲ್ಲಿ ಸೂಚಿಸಿ, ಸಹೋದ್ಯೋಗಿಗಳಿಂದ ಪ್ರಯೋಗ ಮಾಡಿಸಿ ತೋರಿಸಿದರು. ಚುಕ್ಕೆಗಳಿಂದ ಪರಮಾಣುಗಳ ಅಂತರವನ್ನು ಲೆಕ್ಕಹಾಕುವ ಸೂತ್ರವನ್ನು ಲಾರೆನ್ಸ್ ಬ್ರಾಗ್ ನೀಡಿದರು. 1915ರಲ್ಲಿ ತಂದೆ ವಿಲಿಯಂ ಬ್ರಾಗ್ ಅವರೊಡನೆ ನೊಬೆಲ್ ಪಾರಿತೋಷಕ ಪಡೆದಾಗ ಲಾರೆನ್ಸರ ವಯಸ್ಸು ಕೇವಲ 25. ಸತುವಿನ ಆಕ್ಸೈಡಿನ ಸ್ಫಟಿಕ ರಚನೆಯ ಕುರಿತು ಅವರು 1920ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು.

ಆ ಸೂತ್ರದ ಸರಳತೆಯನ್ನು ಓದುಗರು ತಾವೇ ಪರಿಶೀಲಿಸಬಹುದು. ತಾಮ್ರದಿಂದ ಹೊರಡುವ, 0.15406 ನ್ಯಾನೊಮೀಟರು ತರಂಗಾಂತರದ ಕ್ಷ-ಕಿರಣವನ್ನು ಬಳಸಿದಾಗ, ನೆಟ್ಟಗೆ ನಿಂತ ತಂತುಗಳಿಂದ 34.42 ಡಿಗ್ರಿಯಷ್ಟು ಬಾಗಿದ ಪ್ರಬಲ ಕಿರಣವೊಂದು ದೊರೆಯುತ್ತದೆ. ಇದರ ಅರ್ಧ 17.21 ಡಿಗ್ರಿ, ಅದರ ಸೈನ್ ಬೆಲೆ 0.2959. ತರಂಗಾಂತರವನ್ನು ಈ ಬೆಲೆಯ ಎರಡರಷ್ಟರಿಂದ ಭಾಗಿಸಿದರೆ 0.2603 ನ್ಯಾನೊಮೀಟರು ಬರುತ್ತದೆ. ಇದೇ ಒಂದು ಸತುವಿನ ಪದರದಿಂದ ಮುಂದಿನ ಸತುವಿನ ಪದರಕ್ಕಿರುವ ದೂರ. ಮೇಲೆ ಹೇಳಿದ 0.52ರ ಅರ್ಧ. ಐದು ಮೈಕ್ರೊಮೀಟರು ಉದ್ದದ ಒಂದು ತಂತುವಿನಲ್ಲಿ ಇಂತಹ ಸುಮಾರು 19,000 ಜೋಡಿಪದರಗಳು ಕ್ರಮ ತಪ್ಪದೆ ಕುಳಿತಿವೆಯೆಂದಾಯಿತು.

ಪುಡಿಯಲ್ಲಾದರೆ ಕಣಗಳು ಎಲ್ಲ ದಿಕ್ಕಿಗೂ ತಿರುಗಿರುವುದರಿಂದ 31.8, 34.4 ಮತ್ತು 36.3 ಡಿಗ್ರಿಗಳಲ್ಲಿ ಮೂರು ಮುಖ್ಯ ಶಿಖರಗಳು ಕಾಣುತ್ತವೆ. ಅವುಗಳಲ್ಲಿ ಕೊನೆಯದು ಅತ್ಯಂತ ಎತ್ತರ. ತಂತುಗಳೆಲ್ಲ ನೆಟ್ಟಗೆ ನಿಂತಿದ್ದರೆ ನಡುವಿನದೊಂದೇ ಎದ್ದು ನಿಂತು ಉಳಿದವು ಬಹುತೇಕ ಅಡಗುತ್ತವೆ. 38.2 ಡಿಗ್ರಿಯ ಬಳಿ ಸಣ್ಣ ಶಿಖರವಿದ್ದರೆ ಅದು ಚಿನ್ನದ ಹನಿಗಳದ್ದು. ಹೀಗೆ ಒಂದೇ ನಕ್ಷೆಯಿಂದ ವಸ್ತು ಯಾವುದು, ಯಾವ ದಿಕ್ಕಿಗೆ ನಿಂತಿದೆ, ಏನು ಬೆರೆತಿದೆ ಎಂಬ ಮೂರು ಸಂಗತಿಗಳು ತಿಳಿಯುತ್ತವೆ.

ಒಂದೇ ಒಂದು ತಂತುವಿನ ಪರೀಕ್ಷೆ

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕ್ಷ-ಕಿರಣದ ಕಂತೆಯು ಏಕಕಾಲಕ್ಕೆ ಅಸಂಖ್ಯಾತ ತಂತುಗಳ ಮೇಲೆ ಬೀಳುತ್ತದೆ. ಅದು ಹೇಳುವುದು ಒಟ್ಟು ಜನಸಮೂಹದ ಅಭಿಪ್ರಾಯವನ್ನು, ಒಬ್ಬೊಬ್ಬರ ಮಾತನ್ನಲ್ಲ. ತಂತುವೊಂದು ತುದಿಯಿಂದ ತುದಿಗೆ ಒಂದೇ ಸ್ಫಟಿಕವೋ, ಅಥವಾ ಹಲವು ತುಣುಕುಗಳು ಸೇರಿ ತಂತುವಿನಂತೆ ಕಾಣುತ್ತಿದೆಯೋ ಎಂಬುದು ಇದರಿಂದ ನಿಶ್ಚಿತವಾಗದು. ಕೃತಕ ಮೂಗು ಕೆಲವು ತಿಂಗಳಲ್ಲಿ ಮಂಕಾಗುವುದೋ, ವರ್ಷಗಳ ಕಾಲ ಬಾಳುವುದೋ ಎಂಬುದು ಈ ಉತ್ತರವನ್ನೂ ಅವಲಂಬಿಸಿದೆ.

ಇದಕ್ಕಾಗಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. 1931ರಲ್ಲಿ ಜರ್ಮನಿಯ ಅರ್ನ್‌ಸ್ಟ್ ರುಸ್ಕಾ ಮತ್ತು ಮಾಕ್ಸ್ ನೋಲ್ ಇದರ ಮೊದಲ ಮಾದರಿಯನ್ನು ನಿರ್ಮಿಸಿದರು; ರುಸ್ಕಾ ಅವರಿಗೆ ನೊಬೆಲ್ ಪಾರಿತೋಷಕ ದೊರೆತದ್ದು 1986ರಲ್ಲಿ. ಎರಡು ಲಕ್ಷ ವೋಲ್ಟಿನಿಂದ ವೇಗಗೊಳಿಸಿದ ಇಲೆಕ್ಟ್ರಾನಿನ ತರಂಗಾಂತರ ಸುಮಾರು 0.0025 ನ್ಯಾನೊಮೀಟರು. ಇದನ್ನು ತಂತುವಿನ ಮೂಲಕ ಹಾಯಿಸಿದಾಗ ಪರಮಾಣುಗಳ ಪದರಗಳೇ ಸಾಲುಗೆರೆಗಳಾಗಿ ಮೂಡುತ್ತವೆ. ಗೆರೆಗಳ ಅಂತರವನ್ನು ಅಳೆದಾಗ 0.26 ನ್ಯಾನೊಮೀಟರು ಬಂದು, ಅವು ತಂತುವಿನ ಉದ್ದಕ್ಕೆ ಅಡ್ಡಲಾಗಿದ್ದರೆ, ತಂತು ಎತ್ತರದ ದಿಕ್ಕಿನಲ್ಲಿಯೇ ಬೆಳೆದಿದೆಯೆಂಬುದು ಖಚಿತವಾಗುತ್ತದೆ. ಅದೇ ಯಂತ್ರದಲ್ಲಿ ವಿವರ್ತನೆಯ ಚಿತ್ರವನ್ನೂ ತೆಗೆಯಬಹುದು: ಬಿಡಿಬಿಡಿಯಾದ, ಕ್ರಮಬದ್ಧ ಚುಕ್ಕೆಗಳು ಕಂಡರೆ ಒಂದೇ ಸ್ಫಟಿಕ, ಉಂಗುರಗಳು ಕಂಡರೆ ತುಣುಕುಗಳ ರಾಶಿ. ತಂತುವಿನ ತುದಿಯಲ್ಲಿ ಚಿನ್ನದ ಗುಂಡು ಕಂಡರೆ ಅದು ಹನಿಯ ಕೆಳಗೆ ಬೆಳೆದುದೆಂಬುದಕ್ಕೆ ಪ್ರಬಲ ಸಾಕ್ಷ್ಯ ದೊರೆತಂತೆ.

ಹೀಗೆ ಒಂದು ವಿಧಾನದ ಹೇಳಿಕೆಯನ್ನು ಮತ್ತೊಂದು ವಿಧಾನದಿಂದ ತಾಳೆ ನೋಡಿದ ಮೇಲೆಯೇ ಫಲಿತಾಂಶವನ್ನು ಅಂಗೀಕರಿಸುವುದು ವಿಜ್ಞಾನದ ಸಂಪ್ರದಾಯ.

ಪ್ರಯೋಜನಗಳು ಮತ್ತು ಮಿತಿಗಳು

ಒಳರಚನೆಯ ಜ್ಞಾನವು ಅನಿರೀಕ್ಷಿತ ಉಪಯೋಗಗಳಿಗೂ ದಾರಿ ತೋರಿಸಿದೆ. ಈ ಸ್ಫಟಿಕಕ್ಕೆ ಸಮ್ಮಿತಿಯ ಕೇಂದ್ರವಿಲ್ಲ. ಆದುದರಿಂದ ಅದನ್ನು ಬಾಗಿಸಿದಾಗ ಧನ ಮತ್ತು ಋಣ ವಿದ್ಯುದಂಶಗಳು ತುಸು ಅಗಲಿ ವಿದ್ಯುತ್ತು ಹುಟ್ಟುತ್ತದೆ. 2006ರಲ್ಲಿ ವಾಂಗ್ ಮತ್ತು ಸಾಂಗ್ ಎಂಬುವರು ಅತಿ ಸೂಕ್ಷ್ಮವಾದ ಸೂಜಿಮೊನೆಯಿಂದ ತಂತುಗಳನ್ನು ಬಾಗಿಸಿ ಇದನ್ನು ತೋರಿಸಿದರು. ನಡಿಗೆ ಅಥವಾ ಕಂಪನದಂತಹ ಸಣ್ಣ ಚಲನೆಗಳಿಂದ ಪುಟ್ಟ ಉಪಕರಣಗಳಿಗೆ ವಿದ್ಯುತ್ತು ಒದಗಿಸುವ ಸಂಶೋಧನೆಗೆ ಇದು ನಾಂದಿಯಾಯಿತು.

ಆದರೂ ಭರವಸೆಗೆ ಮಿತಿಯಿರುವುದು ಲೇಸು. ಸತುವಿನ ಆಕ್ಸೈಡಿನಿಂದ ಅಗ್ಗದ ದೀಪಗಳನ್ನು ಮಾಡುವ ಆಸೆ ಬಹುಕಾಲದಿಂದ ಇದೆ. ಅದಕ್ಕೆ ಋಣ ಮತ್ತು ಧನ ಎಂಬ ಎರಡೂ ಬಗೆಯ ಅರೆವಾಹಕಗಳು ಬೇಕು. ಋಣಬಗೆಯದು ಸುಲಭವಾಗಿ ಸಿಗುತ್ತದೆ. ಧನಬಗೆಯದನ್ನು ಸ್ಥಿರವಾಗಿ, ಮತ್ತೆ ಮತ್ತೆ ಒಂದೇ ರೀತಿಯಲ್ಲಿ ಪಡೆಯುವುದು ಇಂದಿಗೂ ಕಠಿಣವಾಗಿಯೇ ಉಳಿದಿದೆ. ದೀಪಗಳ ಕ್ಷೇತ್ರವನ್ನು ಗ್ಯಾಲಿಯಂ ನೈಟ್ರೈಡ್ ಆಕ್ರಮಿಸಿತು. ಅನಿಲವನ್ನು ಗುರುತಿಸುವಲ್ಲಿಯೂ ಗಾಳಿಯ ತೇವಾಂಶದಿಂದ ತೊಡಕುಗಳುಂಟು. ಒಂದೊಂದು ತಂತುವಿಗೂ ವಿದ್ಯುತ್ ಸಂಪರ್ಕ ಕಲ್ಪಿಸುವುದು ಸುಲಭವಲ್ಲ. ಅಂಗಡಿಯಲ್ಲಿ ದೊರೆಯುವ ಆಕ್ಸೈಡಿನ ಅನಿಲಸೂಚಕಗಳು ಹೆಚ್ಚಾಗಿ ಕಣಗಳ ಪದರವನ್ನೇ ಅವಲಂಬಿಸಿವೆ.

ಸುರಕ್ಷತೆಯ ಮಾತೂ ಇಲ್ಲಿ ಅಗತ್ಯ. ಸತುವಿನ ಆಕ್ಸೈಡಿನ ಹೊಗೆಯನ್ನು ಉಸಿರಾಡಿದವರಿಗೆ ಚಳಿಜ್ವರ ಬರುತ್ತದೆ. ಸತು ಲೇಪಿಸಿದ ಕಬ್ಬಿಣವನ್ನು ಬೆಸೆಯುವ ಕಾರ್ಮಿಕರಿಗೆ ಇದು ಪರಿಚಿತವಾದ ತೊಂದರೆ. ಆದುದರಿಂದ ಇಂತಹ ಪ್ರಯೋಗಗಳನ್ನು ಸೂಕ್ತ ಗಾಳಿಯ ವ್ಯವಸ್ಥೆಯಿರುವ ಪ್ರಯೋಗಾಲಯಗಳಲ್ಲಿ ತಜ್ಞರ ಮಾರ್ಗದರ್ಶನದಲ್ಲಿ ಮಾತ್ರ ನಡೆಸಬೇಕು.

ನಮ್ಮ ದೇಶದಲ್ಲಿ

ಈ ಕ್ಷೇತ್ರದಲ್ಲಿ ಭಾರತವು ಹಿಂದುಳಿದಿಲ್ಲ. 1989ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, 2014ರಲ್ಲಿ ಭಾರತರತ್ನ ಪ್ರಶಸ್ತಿಗೆ ಭಾಜನರಾದ ಪ್ರೊಫೆಸರ್ ಸಿ. ಎನ್. ಆರ್. ರಾವ್ ಮತ್ತು ಅವರ ಸಹೋದ್ಯೋಗಿಗಳು, ಇಂಗಾಲದ ನೆರವಿನಿಂದ ಆಕ್ಸೈಡುಗಳ ಮತ್ತು ನೈಟ್ರೈಡುಗಳ ತಂತುಗಳನ್ನು ಬೆಳೆಸಿ ಅವುಗಳ ರಚನೆಯನ್ನು ವಿವರವಾಗಿ ಅಧ್ಯಯನ ಮಾಡಿದರು. ಅಜೈವಿಕ ನ್ಯಾನೊತಂತುಗಳನ್ನು ಕುರಿತು ಅವರು 2003ರಲ್ಲಿ ಸಮಗ್ರ ಸಮೀಕ್ಷೆಯನ್ನು ಪ್ರಕಟಿಸಿದರು. ಕೇಂದ್ರ ಸರಕಾರವು 2007ರಲ್ಲಿ 1,000 ಕೋಟಿ ರೂಪಾಯಿಗಳ ನ್ಯಾನೊ ಮಿಷನ್ ಕಾರ್ಯಕ್ರಮವನ್ನು ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿಯ ಐ.ಐ.ಟಿ.ಗಳಲ್ಲಿ ಸರಕಾರದ ನೆರವಿನಿಂದ ಸ್ಥಾಪಿಸಿದ ನ್ಯಾನೊ ಇಲೆಕ್ಟ್ರಾನಿಕ್ಸ್ ಕೇಂದ್ರಗಳಲ್ಲಿ ಇತರ ವಿದ್ಯಾಸಂಸ್ಥೆಗಳ ಸಂಶೋಧಕರಿಗೂ ತರಬೇತಿ ಮತ್ತು ಉಪಕರಣಗಳ ಬಳಕೆಗೆ ಅವಕಾಶ ಕಲ್ಪಿಸಲಾಯಿತು.

ಜಾವರ್‌ನ ಕುಶಲಕರ್ಮಿಗೆ ಆವಿಯನ್ನು ಹಿಡಿಯುವ ವಿದ್ಯೆ ತಿಳಿದಿತ್ತು. ಆದರೆ ಅವನ ಮೂಸೆಯ ಬಾಯಿಂದ ಹಾರಿಹೋದ ಬಿಳಿಯ ಹೊಗೆಯೊಳಗೆ ಷಟ್ಕೋನದ ಅಚ್ಚುಕಟ್ಟಾದ ಸ್ಫಟಿಕಗಳಿದ್ದವೆಂಬುದನ್ನು ಅವನು ನೋಡುವಂತಿರಲಿಲ್ಲ. ಇಂದು ಬೆಳೆಸುವ ವಿದ್ಯೆಯೊಡನೆ ನೋಡುವ ವಿದ್ಯೆಯೂ ಸೇರಿದೆ. ಮಲಗಿದ ಮನೆಯನ್ನು ಕಾಯುವ ಕೃತಕ ಮೂಗನ್ನು ನಾವು ನಂಬಬೇಕಾದರೆ ಈ ಎರಡು ವಿದ್ಯೆಗಳೂ ಜೊತೆಜೊತೆಯಾಗಿಯೇ ಸಾಗಬೇಕು.